ಒಂಟಿ ಮನೆಗೆ ಬ್ಯಾಗು ಹಾಕಿಕೊಂಡು ಬರುವವರು: ಅಪ್ಪಯ್ಯನಿಗೆ ಏನಂತ ಹೇಳಲಿ?

ಸಾಗರದ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲ್ಲೂಕಿನಲ್ಲಿ ಮೂರು ಎಕರೆ ಅಡಿಕೆ ತೋಟ. ಮನೆಯಲ್ಲಿ ಈಗ ಅಪ್ಪಯ್ಯ, ಅಮ್ಮ ಇಬ್ಬರೇ. ಅಪ್ಪಯ್ಯನಿಗೆ 72, ಅಮ್ಮನಿಗೆ 66. ನಾನು, ತಮ್ಮ ಇಬ್ಬರೂ ಬೆಂಗಳೂರಲ್ಲಿ. ಮಲೆನಾಡಿನ ಮನೆಗಳು ಗೊತ್ತಲ್ಲ, ಪಕ್ಕದ ಮನೆ ಅಂದರೆ ಅರ್ಧ ಕಿಲೋಮೀಟರ್ ನಡೆಯಬೇಕು.

ಈ ಸಲ ದೀಪಾವಳಿಗೆ ಹೋದಾಗ ಬುಟ್ಟಿ ಹುಡುಕುತ್ತಾ ಕೊಟ್ಟಿಗೆ ಪಕ್ಕದ ಕೋಣೆಗೆ ಹೋದೆ. ಗೋಡೆ ಬದಿಯಲ್ಲಿ ಸಾಲಾಗಿ ಹನ್ನೊಂದು ನೀಲಿ ಕ್ಯಾನ್ ಇದ್ದವು. ಐದೈದು ಲೀಟರ್‌ನವು. ಮೇಲೆ ಅಡಿಕೆ ಮರದ ಚಿತ್ರ. ಎಲೆಚುಕ್ಕೆ ರೋಗ, ಕೊಳೆ ರೋಗ, ಹಿಂಗಾರ (ಅಡಿಕೆ ಹೂಗೊಂಚಲು) ಒಣಗುವುದು, ಎಲ್ಲಕ್ಕೂ ಇದೊಂದೇ ಸಾಕು ಅಂತ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ತಯಾರಿಸಿದ ತಾರೀಖು ಇಲ್ಲ, ಲೈಸೆನ್ಸ್ ನಂಬರ್ ಇಲ್ಲ, ಒಳಗೆ ಏನಿದೆ ಅಂತಲೂ ಇಲ್ಲ. ಒಂದರ ಸೀಲು ಮಾತ್ರ ಒಡೆದಿತ್ತು. ಒಂದಕ್ಕೆ 1,850 ರೂಪಾಯಿಯಂತೆ. ಹನ್ನೊಂದಕ್ಕೆ 20,350. ಬಿಲ್ ಅಂತ ಕೊಟ್ಟಿದ್ದು ಒಂದು ಚೀಟಿ, ಅದರಲ್ಲಿ ಒಂದು ಮೊಬೈಲ್ ನಂಬರ್. ಫೋನ್ ಮಾಡಿದರೆ ಸ್ವಿಚ್ ಆಫ್.

ನಾನು ಸ್ವಲ್ಪ ಜೋರಾಗಿಯೇ ಕೇಳಿಬಿಟ್ಟೆ. ಅಪ್ಪಯ್ಯ ಮುಖ ಸಣ್ಣ ಮಾಡಿಕೊಂಡು, "ಹುಡುಗ ಒಳ್ಳೆಯವನು ಕಣೆ. ನಿನ್ನ ಬಗ್ಗೆ, ತಮ್ಮನ ಬಗ್ಗೆ ಎಲ್ಲ ಕೇಳಿದ. ಎರಡು ಗಂಟೆ ಕೂತಿದ್ದ. ಊಟ ಮಾಡ್ಕೊಂಡು ಹೋದ" ಅಂದರು.

ಅವತ್ತಿನಿಂದ ಅದೇ ಮಾತು ತಲೆಯಲ್ಲಿ ಕೂತಿದೆ. ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ಆ ಎರಡು ಗಂಟೆ ನನ್ನನ್ನು ಕಾಡುತ್ತಿದೆ. ಅಪ್ಪಯ್ಯ ದಡ್ಡರಲ್ಲ. ನಲವತ್ತೈದು ವರ್ಷ ತೋಟ ಮಾಡಿದವರು. ಅವರಿಗೆ ಅವಮಾನ ಆಗದ ಹಾಗೆ ಇದನ್ನು ತಡೆಯೋದು ಹೇಗೆ? ನಿಮ್ಮ ಮನೆಗಳಲ್ಲಿ ಏನು ಮಾಡಿದ್ದೀರಿ?

ಕೊಪ್ಪದ ಕಡೆಯವ

ನಮ್ಮಲ್ಲೂ ಇದೇ ಕಥೆ. ಒಂದು ಗಮನಿಸಿ ನೋಡಿ, ಅವರು ಬರುವುದು ಅಡಿಕೆ ಮಾರಿ ದುಡ್ಡು ಕೈಗೆ ಬಂದ ಮೇಲೆ. ಮೊದಲು ಬಸ್ ಸ್ಟಾಪ್ ಹತ್ತಿರದ ಹೋಟೆಲಲ್ಲಿ ಚಹಾ ಕುಡಿಯುತ್ತಾ ಯಾವ ಮನೆಯಲ್ಲಿ ಯಾರಿದ್ದಾರೆ, ಮಕ್ಕಳು ಎಲ್ಲಿದ್ದಾರೆ ಅಂತ ಕೇಳಿಕೊಳ್ಳುತ್ತಾರೆ. ಆಮೇಲೆ ಮಧ್ಯಾಹ್ನ ಹನ್ನೊಂದರಿಂದ ಮೂರರೊಳಗೆ ಬರುತ್ತಾರೆ. ಆ ಹೊತ್ತಲ್ಲಿ ಮನೆಯಲ್ಲಿ ವಯಸ್ಸಾದವರೇ ಇರೋದು ಅಲ್ವಾ. ನಮ್ಮ ದೊಡ್ಡಪ್ಪನ ಹತ್ತಿರ ನೀರು ಶುದ್ಧ ಮಾಡುವ ಮಷೀನು ಎರಡಿವೆ. ಬಾವಿ ನೀರು ಕುಡಿದೇ ಎಂಬತ್ತು ದಾಟಿದ ಮನುಷ್ಯ ಅವರು.

ನಿವೃತ್ತ ಕೃಷಿ ಅಧಿಕಾರಿ

ಅಮ್ಮಾ, ಮೊದಲು ಒಂದು ಮಾತು. ಆ ಕ್ಯಾನನ್ನು ಇನ್ನು ತೋಟಕ್ಕೆ ಹೊಡೆಯಬೇಡಿ. ಹಾಗಂತ ಹಳ್ಳಕ್ಕೂ ಚೆಲ್ಲಬೇಡಿ.

ರೋಗ ಹೋಗಿಸುತ್ತದೆ ಅಂತ ಹೇಳಿ ಮಾರಿದರೆ ಅದು 1968ರ ಕೀಟನಾಶಕ ಕಾಯ್ದೆಗೆ ಬರುತ್ತದೆ. ಆಗ ಲೇಬಲ್ ಮೇಲೆ ನೋಂದಣಿ ಸಂಖ್ಯೆ, ತಯಾರಿಕಾ ಲೈಸೆನ್ಸ್, ಬ್ಯಾಚ್ ನಂಬರ್, ತಯಾರಿಸಿದ ಮತ್ತು ಅವಧಿ ಮುಗಿಯುವ ತಾರೀಖು ಇರಲೇಬೇಕು. ಮೂಲೆ ಮೇಲೆ ನಿಲ್ಲಿಸಿದ ಹಾಗಿರುವ ಒಂದು ಚೌಕವೂ ಇರಬೇಕು. ಅದರ ಕೆಳಗಿನ ಅರ್ಧದಲ್ಲಿ ಬಣ್ಣ ಇರುತ್ತದೆ. ಕೆಂಪು ಅಂದರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಕನ್ನಡಕ ಇಲ್ಲದೆಯೂ ಕಾಣುವ ಗುರುತು ಅದು. ಅಪ್ಪನಿಗೆ ಅದೊಂದನ್ನು ತೋರಿಸಿಕೊಟ್ಟರೆ ಸಾಕು, ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ.

ಈ ಜನ ಇಲ್ಲಿ ಒಂದು ದಾರಿ ಹುಡುಕಿಕೊಂಡಿದ್ದಾರೆ. ಗಟ್ಟಿಯಾಗಿ ಕೇಳಿದರೆ "ಇದು ಔಷಧಿ ಅಲ್ಲ ಸಾರ್, ಟಾನಿಕ್" ಅನ್ನುತ್ತಾರೆ. 2021ರಿಂದ ಆ ಥರದ ಬೆಳವಣಿಗೆ ದ್ರಾವಣಗಳನ್ನೂ ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ತಂದಿದ್ದಾರೆ. ಆದ್ದರಿಂದ ಟಾನಿಕ್ ಅಂದ ಮಾತ್ರಕ್ಕೆ ತಪ್ಪಿಸಿಕೊಳ್ಳುವ ಹಾಗಿಲ್ಲ.

ಇನ್ನೊಂದು, ಎಲ್ಲಕ್ಕೂ ಒಂದೇ ಔಷಧಿ ಅನ್ನುವುದೇ ಸುಳ್ಳು. ಕೊಳೆ ತರುವ ಜೀವಿ ಬೇರೆ, ಎಲೆಚುಕ್ಕೆ ತರುವ ಶಿಲೀಂಧ್ರ ಬೇರೆ. ಕೊಳೆಗೆ ನಮ್ಮ ಅಜ್ಜಂದಿರ ಕಾಲದ ಬೋರ್ಡೋ ದ್ರಾವಣ ಇದೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮುಂಚೆ ಒಮ್ಮೆ, ನಲವತ್ತು–ನಲವತ್ತೈದು ದಿನಕ್ಕೆ ಇನ್ನೊಮ್ಮೆ. ಎಲೆಚುಕ್ಕೆಗೆ ಏನು ಹೊಡೆಯಬೇಕು ಅಂತ ತೋಟ ನೋಡಿದವರನ್ನೇ ಕೇಳಿ. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ನಿಮ್ಮ ತಾಲ್ಲೂಕಿನಲ್ಲೇ ಇದೆ. ಕಿಸಾನ್ ಕಾಲ್ ಸೆಂಟರ್ 1800-180-1551, ಕನ್ನಡದಲ್ಲೇ ಮಾತಾಡುತ್ತಾರೆ.

ಕ್ಯಾನಿನ ಫೋಟೋ, ಆ ಚೀಟಿ ತೆಗೆದುಕೊಂಡು ಹೋಬಳಿ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಬರವಣಿಗೆಯಲ್ಲಿ ದೂರು ಕೊಡಿ. ನಾನು ಕೆಲಸದಲ್ಲಿದ್ದಾಗ ಇಂಥ ದೂರುಗಳು ಬರುತ್ತಲೇ ಇರಲಿಲ್ಲ. ಮೋಸ ಹೋದವರು ಹೇಳಿಕೊಳ್ಳಲು ನಾಚಿಕೊಳ್ಳುತ್ತಾರೆ. ಅದು ನನಗೆ ಈಗಲೂ ಬೇಸರ.

ಹೊಸದುರ್ಗ ತೆಂಗು

ನಿಮ್ಮಲ್ಲಿ ಕ್ಯಾನು, ನಮ್ಮಲ್ಲಿ ಬೋರು. ಬಯಲುಸೀಮೆಯವರಿಗೆ ಇದರ ನೋವು ಗೊತ್ತು.

ನಮ್ಮ ತೋಟಕ್ಕೆ ಮೊದಲು ಬಂದಿದ್ದು ಬೈಕಲ್ಲಿ ಒಬ್ಬ ಏಜೆಂಟ್. ಅವನಿಗೆ ಸ್ವಂತ ಲಾರಿಯೂ ಇಲ್ಲ, ಏನೂ ಇಲ್ಲ. ಅಡಿಗೆ ಇಷ್ಟು ಅಂತ ಅವನಿಗೆ ಕಮಿಷನ್. ಜೊತೆಗೆ ಪಾಯಿಂಟ್ ನೋಡುವವನನ್ನೂ, ಅಂದರೆ ನೆಲದಡಿ ಎಲ್ಲಿ ನೀರಿದೆ ಅಂತ ಹೇಳುವವನನ್ನೂ, ಕರೆದುಕೊಂಡು ಬಂದಿದ್ದ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟ ಸುತ್ತಿದ. ಕಾಯಿ ಎದ್ದು ನಿಂತ ಕಡೆ ಸುಣ್ಣದಲ್ಲಿ ಗುರುತು ಹಾಕಿದ. ನೀರಿಲ್ಲದೆ ಕಂಗಾಲಾಗಿದ್ದ ಸಮಯ. ತೆಂಗಿನ ಗರಿ ಜೋತುಬಿದ್ದಿದ್ದನ್ನು ನೋಡುತ್ತಾ ಯಾರಿಗೆ ಬೇಡ ಅನ್ನಲು ಬಾಯಿ ಬರುತ್ತದೆ?

ಲಾರಿ ಬಂದಿದ್ದು ರಾತ್ರಿ ಒಂಬತ್ತಕ್ಕೆ, ತಿರುಚೆಂಗೋಡು ಕಡೆಯದು. ಏಜೆಂಟ್ ಹೇಳಿದ್ದ ರೇಟು ಮೊದಲ ಮುನ್ನೂರು ಅಡಿಗೆ ಮಾತ್ರ. ಅಲ್ಲಿಂದ ಮುಂದೆ ನೂರು ನೂರು ಅಡಿಗೂ ರೇಟು ಏರುತ್ತದೆ ಅಂತ ಗೊತ್ತಾಗಿದ್ದು ಬೋರು ನಾನೂರಕ್ಕೆ ಇಳಿದಾಗ. ಮಣ್ಣು ಕುಸಿಯದ ಹಾಗೆ ಬೋರಿನೊಳಗೆ ಇಳಿಸುವ ಕೇಸಿಂಗ್ ಪೈಪ್ ಲೆಕ್ಕ ಬೇರೆ. ಅಷ್ಟು ಹೊತ್ತಿಗೆ ನಿಲ್ಲಿಸಿ ಅನ್ನೋದಕ್ಕೂ ಭಯ. ಇನ್ನು ಇಪ್ಪತ್ತು ಅಡಿಗೆ ನೀರಿದ್ದರೆ?

ನಮ್ಮ ಅವ್ವ ಓದಿದವರಲ್ಲ. ಅವರು ಅಂಗಳದಲ್ಲಿ ಕಂಬಳಿ ಹೊದ್ದು ಕೂತು, ಒಂದೊಂದು ರಾಡ್ ಇಳಿದಾಗಲೂ ಒಂದೊಂದು ಹುಣಸೆ ಬೀಜ ತಟ್ಟೆಗೆ ಹಾಕುತ್ತಿದ್ದರು. ಬೆಳಗ್ಗೆ ಐದಕ್ಕೆ 780 ಅಡಿ ಅಂತ ಬಿಲ್ ಬರೆದರು. ಅವ್ವ ತಟ್ಟೆ ತಂದು ಮುಂದಿಟ್ಟರು. ಬೀಜ 36 ಇತ್ತು. ಒಂದು ರಾಡ್ 20 ಅಡಿ. 36 ಇಂಟು 20 ಅಂದರೆ 720. ಅವರ ಸೂಪರ್‌ವೈಸರ್ ತಟ್ಟೆ ನೋಡಿದ, ಅವ್ವನ ಮುಖ ನೋಡಿದ, ಮಾತಾಡದೆ ಬಿಲ್ ತಿದ್ದಿದ. ಆ 60 ಅಡಿಯ ರೇಟು ಏರಿದ ಮೇಲಿನ ರೇಟು, ನೆನಪಿರಲಿ.

ನೀರು ಮಾತ್ರ ಒಂದಿಂಚೂ ಬರಲಿಲ್ಲ. ಆರು ತಿಂಗಳಿಗೆ ಇನ್ನೊಂದು ಗುಂಪು ಬಂತು, ಫ್ಲಶಿಂಗ್ ಮಾಡಿಸಿದರೆ, ಅಂದರೆ ಜೋರಾಗಿ ಗಾಳಿ ಬಿಟ್ಟು ಬೋರು ತೊಳೆಸಿದರೆ, ನೀರು ಎದ್ದು ಬರುತ್ತದೆ ಅಂತ. ಹಳೇ ಬೋರು ಯಾವ ಮನೆಯಲ್ಲಿ ಫೇಲಾಗಿದೆ ಅಂತ ಅವರಿಗೆ ಯಾರು ಹೇಳುತ್ತಾರೋ.

ಒಂದು ಮಾತು ಹೇಳಬೇಕು. ಲಾರಿಯ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿಯಿಡೀ ಕಲ್ಲುಪುಡಿ ಕುಡಿದು ದುಡಿಯುವವರು. ನೆಟ್ಟಗೆ ಲೆಕ್ಕ ಕೊಡುವ ಲಾರಿಗಳೂ ಇವೆ. ಎಲ್ಲಾ ರೇಟನ್ನೂ ಮೊದಲೇ ಬರೆಸಿಕೊಳ್ಳಿ: ಅಡಿ ಅಡಿಗೆ ಎಷ್ಟು, ಕೇಸಿಂಗ್ ಎಷ್ಟು, ಎಲ್ಲಿ ನಿಲ್ಲಿಸಬೇಕು. ರಾಡ್ ಎಣಿಸಲು ಮನೆಯವರೇ ಕೂರಬೇಕು. ನೀರು ಬರದಿದ್ದರೆ ಅವತ್ತೇ ಕೇಸಿಂಗ್ ಬಾಯಿಗೆ ಕ್ಯಾಪ್ ಹಾಕಿ ವೆಲ್ಡ್ ಮಾಡಿಸಿ. ಮಕ್ಕಳು ಓಡಾಡುವ ಜಾಗ.

ಬ್ಯಾಗು ಇಳಿಸಿದವ

ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ನಾನು ಎರಡು ವರ್ಷ ಅಂಥ ಕ್ಯಾನುಗಳನ್ನೇ ಮಾರುತ್ತಿದ್ದೆ. ಹಾಸನ, ಚಿಕ್ಕಮಗಳೂರು ಕಡೆ. ಡಿಪ್ಲೊಮಾ ಮುಗಿಸಿ ಕೆಲಸ ಸಿಗದೆ ಸೇರಿಕೊಂಡಿದ್ದು.

ಬೆಳಗ್ಗೆ ಒಂದು ಜೀಪಲ್ಲಿ ಎಂಟು ಹುಡುಗರನ್ನು ತುಂಬಿಕೊಂಡು ಹೋಗಿ ಒಬ್ಬೊಬ್ಬರನ್ನು ಒಂದೊಂದು ಊರಿನ ಬಾಯಲ್ಲಿ ಇಳಿಸುತ್ತಿದ್ದರು. ಸಂಜೆ ಕ್ಯಾನ್ ಖಾಲಿ ಆಗಿರಬೇಕು. ಇಲ್ಲದಿದ್ದರೆ ಅವತ್ತಿನ ಊಟದ ದುಡ್ಡೂ ಇಲ್ಲ.

ನಮಗೆ ಕಲಿಸಿದ್ದನ್ನು ಹೇಳುತ್ತೇನೆ. ಕುರ್ಚಿ ಕೊಟ್ಟ ತಕ್ಷಣ ಕೂರಬೇಡ, ಮೊದಲು ಕುಡಿಯಲು ನೀರು ಕೇಳು. ನೀರು ಕೊಟ್ಟವರು ಎದ್ದು ಹೋಗು ಅನ್ನುವುದಿಲ್ಲ. ಗೋಡೆಯ ಫೋಟೋ ನೋಡು, ಮೊಮ್ಮಕ್ಕಳ ಬಗ್ಗೆ ಕೇಳು. ದನ ಇದ್ದರೆ ಅದರ ಹೆಸರು ಕೇಳು. ಮಾಲಿನ ಮಾತು ಅರ್ಧ ಗಂಟೆ ಆದಮೇಲೆ. ಕೊಂಡವರ ಕೈಗೆ ಕ್ಯಾನ್ ಕೊಟ್ಟು ಫೋಟೋ ತೆಗೆದುಕೋ. ಮುಂದಿನ ಮನೆಯಲ್ಲಿ ಆ ಫೋಟೋ ತೋರಿಸು, "ನೋಡಿ ಯಜಮಾನ್ರೆ, ಮೇಲಿನ ಮನೆಯವರೇ ತಗೊಂಡ್ರು" ಅನ್ನು. ಹೀಗೆ ಒಬ್ಬರ ಮರ್ಯಾದೆ ಮೇಲೆ ಇನ್ನೊಬ್ಬರಿಗೆ ಮಾರುತ್ತಿದ್ದೆವು. ಕ್ಯಾನಿನೊಳಗೆ ಏನಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಸಕಲೇಶಪುರದ ಹತ್ತಿರ ಒಂದು ಮನೆ. ಅಜ್ಜಿ ಒಬ್ಬರೇ ಇದ್ದರು. ಎರಡು ಕ್ಯಾನಿಗೆ ಒಪ್ಪಿದರು. ಒಳಗೆ ಹೋಗಿ ಸ್ಟೀಲ್ ಡಬ್ಬಿ ತಂದರು. ಅಕ್ಕಿ ಒಳಗೆ ಹೂತಿಟ್ಟ ನೋಟುಗಳು. ಒಂದೊಂದನ್ನೂ ಸೆರಗಲ್ಲಿ ಒರೆಸಿ ಎಣಿಸಿ ಕೊಟ್ಟರು. ಹೊರಟಾಗ ಕರೆದು ಎರಡು ತೆಂಗಿನಕಾಯಿ ಕೊಟ್ಟು "ನಿಮ್ಮಮ್ಮನಿಗೆ ಕೊಡು ಮಗಾ" ಅಂದರು. ನಾನು ದುಡ್ಡು ವಾಪಸ್ ಕೊಡಲಿಲ್ಲ. ಕೊಡಬೇಕಿತ್ತು. ಆ ವಾರ ಕೆಲಸ ಬಿಟ್ಟೆ, ಆದರೆ ದುಡ್ಡು ಕೊಡಲಿಲ್ಲ.

ಅಕ್ಕಾ, ನಿಮ್ಮ ಪ್ರಶ್ನೆಗೆ ಉತ್ತರ. "ಮಗನನ್ನು ಕೇಳಿ ಹೇಳ್ತೀನಿ" ಅಂದರೆ ನಾವು ಬಿಡುತ್ತಿರಲಿಲ್ಲ. "ಈಗಲೇ ಫೋನ್ ಮಾಡಿ ಯಜಮಾನ್ರೆ, ನಾನೇ ಮಾತಾಡ್ತೀನಿ" ಅನ್ನುತ್ತಿದ್ದೆವು. ಇಲ್ಲವೇ "ಮನೆ ಯಜಮಾನ ನೀವಲ್ವಾ" ಅಂತ ಕೆಣಕುತ್ತಿದ್ದೆವು. ಆದರೆ ಒಂದು ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. "ನಮ್ಮ ಸೊಸೈಟಿಗೆ ಮಾಲು ಕೊಟ್ಟಿರಿ, ನಾನು ಅಲ್ಲೇ ತಗೊಳ್ತೀನಿ." ಸೊಸೈಟಿಯವರು, ಅಂದರೆ ರೈತರ ಸಹಕಾರ ಸಂಘದವರು, ಲೈಸೆನ್ಸ್ ಕೇಳುತ್ತಾರೆ. ಆ ಮಾತು ಬಂದ ಮನೆಯಿಂದ ನಾವು ಎದ್ದುಬಿಡುತ್ತಿದ್ದೆವು. ಅಪ್ಪನಿಗೂ ಇದರಲ್ಲಿ ಅವಮಾನ ಇಲ್ಲ. ಯಾರನ್ನೂ ಕೇಳಬೇಕಾದ್ದಿಲ್ಲ, ಅವರದೇ ತೀರ್ಮಾನ.

ಸಾಗರದ ಮಗಳು

ನೀವು ಬರೆದಿದ್ದನ್ನು ಮೂರು ಸಲ ಓದಿದೆ. ಇದನ್ನು ಹೇಳಿಕೊಳ್ಳೋದು ಸುಲಭ ಅಲ್ಲ. ಧನ್ಯವಾದ ತಮ್ಮಾ.

ಶಿರಸಿ ಅತ್ತೆ

ಎಲ್ಲರೂ ಹೇಳಿದ್ದು ಸರಿ. ಆದರೆ ಮನೆಗೆ ಬಂದವರೆಲ್ಲ ಕಳ್ಳರು ಅಂತ ಅಪ್ಪ ಅಮ್ಮನ ತಲೆಯಲ್ಲಿ ತುಂಬಬೇಡಿ. ಅದು ನನ್ನ ಪ್ರಾರ್ಥನೆ.

ನಾನು ಮದುವೆಯಾಗಿ ಬಂದಾಗಿನಿಂದ ನಮ್ಮ ಮನೆಗೆ ಸೀರೆ ಗಂಟು ಹೊತ್ತು ಬರುವವರೊಬ್ಬರಿದ್ದಾರೆ. ಮೊದಲು ಅಪ್ಪ ಬರುತ್ತಿದ್ದರು, ಈಗ ಮಗ ಬರುತ್ತಾನೆ. ನನ್ನ ಬಾಣಂತನಕ್ಕೆ ಹತ್ತಿ ಸೀರೆ ಸಾಲ ಕೊಟ್ಟು ಹೋಗಿದ್ದರು, ಮುಂದಿನ ವರ್ಷ ಬಂದು ದುಡ್ಡು ತೆಗೆದುಕೊಂಡರು. ಕಂಬಳಿಯವರು, ಪಾತ್ರೆಗೆ ಕಲಾಯಿ ಹಾಕುವವರು, ಬಿದಿರಿನ ಬುಟ್ಟಿ ತರುವ ಮೇದಾರರು, ಒರಳು ಕಲ್ಲು ಕುಟ್ಟಿ ಕೊಡುವವರು. ಇವರೆಲ್ಲ ಬರದಿದ್ದರೆ ನಮ್ಮ ಒಂಟಿ ಮನೆಗಳಿಗೆ ಹೊರಗಿನ ಸುದ್ದಿಯೇ ಇರಲಿಲ್ಲ. ಯಾವ ಊರಲ್ಲಿ ಮಳೆ ಆಯ್ತು, ಯಾರ ಮನೆಯಲ್ಲಿ ಮದುವೆ, ಎಲ್ಲ ಅವರ ಬಾಯಿಂದಲೇ.

ಅವರಿಗೂ ಈ ಕ್ಯಾನಿನವರಿಗೂ ಒಂದೇ ವ್ಯತ್ಯಾಸ. ಅವರು ಮುಂದಿನ ವರ್ಷ ಅದೇ ಅಂಗಳಕ್ಕೆ ಬರಬೇಕು. ನಾನು ಹೊಸಬರನ್ನು ಕೇಳುವುದು ಇದೊಂದೇ. "ಹೋದ ವರ್ಷ ಈ ಕಡೆ ಯಾರ ಮನೆಗೆ ಬಂದಿದ್ದೆ?" ಹೆಸರು ಹೇಳಿದರೆ ಅಲ್ಲಿಗೆ ಫೋನ್ ಮಾಡುತ್ತೇನೆ. ಹೇಳದಿದ್ದರೆ ಮಜ್ಜಿಗೆ ಕೊಟ್ಟು ಕಳಿಸುತ್ತೇನೆ.

ತೀರ್ಥಹಳ್ಳಿ ಚೇಣಿ

ಮಾರಲು ಬರುವವರ ಬಗ್ಗೆ ಆಯ್ತು. ಕೊಳ್ಳಲು ಬರುವವರ ಬಗ್ಗೆಯೂ ಮಾತಾಡೋಣ. ಕೊಯ್ಲಿಗೆ ಜನ ಸಿಗದೆ ನಮ್ಮಲ್ಲಿ ಎಷ್ಟೋ ಮನೆಯವರು ತೋಟ ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಡುತ್ತಾರೆ. ಚೇಣಿಯವರು ಬಂದು ಗೊನೆ ನೋಡಿ, ಕ್ವಿಂಟಲ್ ಹಸಿ ಅಡಿಕೆಗೆ ಇಷ್ಟು ಕೆಜಿ ಒಣ ಅಡಿಕೆ ಕೊಡುತ್ತೇನೆ ಅಂತ ಮಾತಾಡಿ ಮುಂಗಡ ಕೊಟ್ಟು ಹೋಗುತ್ತಾರೆ. ಹೆಚ್ಚಿನವರು ನಂಬಿಕಸ್ಥರು. ನಾನೂ ಸಣ್ಣದಾಗಿ ಚೇಣಿ ಮಾಡುತ್ತೇನೆ, ಅದಕ್ಕೇ ಹೇಳುತ್ತಿರುವುದು.

ತೊಂದರೆ ಆಗುವುದು ದೂರದಿಂದ ಬಂದು ಜಾಸ್ತಿ ರೇಟು ಹೇಳುವ ಹೊಸಬರಿಂದ. ಮಾತು ಬಾಯಲ್ಲೇ ಇರುತ್ತದೆ. ಪೇಟೆಯಲ್ಲಿ ದರ ಬಿದ್ದರೆ ಅವರು ಕೊಯ್ಲಿಗೆ ಬರುವುದಿಲ್ಲ. ಇವತ್ತು ನಾಳೆ ಅನ್ನುವುದರೊಳಗೆ ಕಾಯಿ ಹಣ್ಣಾಗಿ ಗೋಟಾಗುತ್ತದೆ, ಅಂದರೆ ಸಿಪ್ಪೆ ಸಮೇತ ಒಣಗಿಸಬೇಕಾದ ಹಣ್ಣಡಿಕೆ. ಎಳೆಯದಾಗಿ ಕೊಯ್ದು ಬೇಯಿಸಿ ಒಣಗಿಸಿದ ರಾಶಿ ಅಡಿಕೆಗೆ ಸಿಗುವ ಬೆಲೆ ಅದಕ್ಕೆ ಎಲ್ಲಿಂದ ಬರಬೇಕು? ಎಷ್ಟನೇ ತಾರೀಖಿನೊಳಗೆ ಮೊದಲ ಕೊಯ್ಲು, ಒಣ ಅಡಿಕೆ ಯಾವಾಗ ಕೊಡಬೇಕು, ಬರದಿದ್ದರೆ ಮುಂಗಡ ಯಾರಿಗೆ, ಎಲ್ಲವನ್ನೂ ಛಾಪಾ ಕಾಗದದ ಮೇಲೆ ಬರೆಸಿ. ಸರಿಯಾದ ಚೇಣಿದಾರ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ತೂಕದ ಬಗ್ಗೆ ಒಂದು ಉಪಾಯ. ಮನೆಯಲ್ಲಿ ಒಡೆಯದ ಗೊಬ್ಬರದ ಚೀಲ ಇರುತ್ತದಲ್ಲ. ಡಿಎಪಿ ಚೀಲ 50 ಕೆಜಿ. ಯೂರಿಯಾ ಆದರೆ ಈಗ 45 ಕೆಜಿ. ಅವರ ತಕ್ಕಡಿ ಮೇಲೆ ಮೊದಲು ಅದನ್ನು ಇಟ್ಟು ನೋಡಿ, ಆಮೇಲೆ ಅಡಿಕೆ ಇಡಿ.

ರಾಮನಗರ ಮಾವು

ನಮ್ಮ ಕಡೆ ಗಿಡದವರು. ಎಕರೆಗೆ ಇಷ್ಟು ಗಿಡ ಹಾಕಿ, ಹನ್ನೆರಡು ವರ್ಷಕ್ಕೆ ಕೋಟಿ ರೂಪಾಯಿ, ಮರ ನಾವೇ ಕೊಳ್ಳುತ್ತೇವೆ ಅಂತ ಕಾಗದ ಬರೆದು ಕೊಡುತ್ತಾರೆ. ಗಿಡದ ದುಡ್ಡು ಮಾತ್ರ ಇವತ್ತೇ. ಹನ್ನೆರಡು ವರ್ಷ ಆದಮೇಲೆ ಆ ಕಂಪನಿಯೇ ಇಲ್ಲದಿದ್ದರೆ ಕಾಗದ ಹಿಡಿದು ಯಾರ ಬಾಗಿಲಿಗೆ ಹೋಗೋದು? ತಮಿಳುನಾಡಿನ ಪೆರುಂದುರೈ ಕಡೆ ರೈತರಿಂದ ಈಮು ಹಕ್ಕಿ ಸಾಕಿಸಿದ ಕಂಪನಿಯವರು 2012ರಲ್ಲಿ ಮುಳುಗಿದಾಗ ಅಲ್ಲಿನ ರೈತರ ಕೈಯಲ್ಲೂ ಒಪ್ಪಂದದ ಕಾಗದ ಇತ್ತು. ಮಲೆನಾಡಿನವರಿಗೆ ವೆನಿಲಾ ನೆನಪಿರಬೇಕು. 2003ರ ಸುಮಾರಿಗೆ ಹಸಿ ಕೋಡಿಗೆ ಕೆಜಿಗೆ ಮೂರು ಸಾವಿರದ ಮೇಲೆ ಹೋಗಿತ್ತು. ಆಗ ಬಳ್ಳಿ ತುಂಡು ಮಾರಿದವರೇ ದುಡ್ಡು ಮಾಡಿದ್ದು.

ಹೊಲದಲ್ಲಿ ಮೊಬೈಲ್ ಟವರ್ ಹಾಕುತ್ತೇವೆ, ಮುಂಗಡ ಫೀಸು ಕಟ್ಟಿ ಅನ್ನುವವರೂ ಬರುತ್ತಾರೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಹೆಸರಿನ ಪತ್ರ ತೋರಿಸುತ್ತಾರೆ. ಟ್ರಾಯ್ ಅಂಥ ಪತ್ರ ಕೊಡುವುದೇ ಇಲ್ಲ, ಟವರಿಗೆ ಫೀಸು ತೆಗೆದುಕೊಳ್ಳುವುದೂ ಇಲ್ಲ.

ಹಾವೇರಿ ಮೆಣಸಿನಕಾಯಿ

ನಾನು ವಕೀಲ, ಹೊಲವೂ ಇದೆ. ಬಿಡಿ ಬೀಜದಿಂದ ನಾನೇ ಒಂದು ವರ್ಷ ಸುಟ್ಟುಕೊಂಡಿದ್ದೇನೆ. ಮನೆ ಬಾಗಿಲಿಗೆ ಬಂದ ಬೀಜ, ಚೀಟಿಯಿಲ್ಲದ ಪೊಟ್ಟಣ. ಗಿಡ ಆಳೆತ್ತರ ಬಂತು, ಕಾಯಿ ಹಿಡಿಯಲಿಲ್ಲ. ಕೈಯಲ್ಲಿ ಬಿಲ್ ಇಲ್ಲ, ವಕೀಲನಾಗಿದ್ದೂ ಏನೂ ಮಾಡಲಾಗಲಿಲ್ಲ.

ರೈತ ಗ್ರಾಹಕನೇ ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ, ಬೀಜದ ಪ್ರಕರಣದಲ್ಲೇ. 2019ರ ಗ್ರಾಹಕ ಕಾಯ್ದೆಯಲ್ಲಿ ನೀವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಮಾರಿದವನ ಊರಿಗೆ ಅಲೆಯಬೇಕಿಲ್ಲ. ಐದು ಲಕ್ಷದವರೆಗೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಸಹಾಯವಾಣಿ 1915. ಆದರೆ ಯಾರ ಮೇಲೆ ಹಾಕುವುದು ಅಂತ ಗೊತ್ತಿರಬೇಕಲ್ಲ? ಅದಕ್ಕೇ ನಗದು ಕೊಡಬೇಡಿ ಅನ್ನುತ್ತೇನೆ. ಫೋನಲ್ಲಿ ದುಡ್ಡು ಹಾಕಿದರೆ ಯಾರ ಖಾತೆಗೆ ಹೋಯ್ತು ಅನ್ನುವ ಗುರುತಾದರೂ ಉಳಿಯುತ್ತದೆ. ಅಕ್ಕಾ, ಅಪ್ಪಯ್ಯ ದುಡ್ಡು ಹೇಗೆ ಕೊಟ್ಟರು?

ಸಾಗರದ ಮಗಳು

ನಗದು ಸರ್. ಅಡಿಕೆ ಮಾರಿದ ದುಡ್ಡು.

ಹೋದ ಶನಿವಾರ ಊರಿಗೆ ಹೋಗಿದ್ದೆ. ಇಲ್ಲಿ ನೀವೆಲ್ಲ ಬರೆದಿದ್ದನ್ನು ಅಪ್ಪಯ್ಯನಿಗೆ ಓದಿ ಹೇಳಿದೆ. ಕ್ಯಾನ್ ಮಾರುತ್ತಿದ್ದ ತಮ್ಮ ಬರೆದಿದ್ದನ್ನು ಓದುವಾಗ ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಮೇಲೆ "ನನ್ನ ಫೋಟೋನೂ ತೆಗೆದುಕೊಂಡ" ಅಂದರು. ಅಷ್ಟು ಹೊತ್ತು ಅದನ್ನು ನಮ್ಮ ಹತ್ತಿರ ಹೇಳಿರಲೇ ಇಲ್ಲ. ತಕ್ಷಣ ಎದ್ದು ಕೆಳಗಿನ ಮನೆಗೆ, ಹೊಳೆಯಾಚೆ ಮನೆಗೆ ಫೋನ್ ಮಾಡಿದರು. ಎರಡೂ ಮನೆಯವರು ಆ ಫೋಟೋ ನೋಡಿಯೇ ತೆಗೆದುಕೊಂಡಿದ್ದರು. ಒಬ್ಬರು ನಾಲ್ಕು, ಇನ್ನೊಬ್ಬರು ಆರು.

ಸೋಮವಾರ ಮೂವರೂ ಸೇರಿ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ದೂರು ಬರೆದು ಕೊಟ್ಟು ಬಂದರು. ಅಪ್ಪಯ್ಯನೇ ಬರೆದಿದ್ದು, ಅವರ ಅಕ್ಷರ ಮುತ್ತಿನ ಹಾಗೆ. ಒಂದು ಕ್ಯಾನನ್ನೂ ಜೀಪಲ್ಲಿ ತೆಗೆದುಕೊಂಡು ಹೋಗಿದ್ದರಂತೆ. ಉಳಿದವನ್ನು ಮುಟ್ಟದೆ ಹಾಗೇ ಇಟ್ಟಿರಲು ಹೇಳಿದ್ದಾರೆ.

ನಾನು ಮಾಡಿಕೊಂಡಿದ್ದು ಇಷ್ಟು. ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಮಾಡುತ್ತೇನೆ. ಮೊದಲು ರಾತ್ರಿ ಒಂಬತ್ತಕ್ಕೆ ಎರಡು ನಿಮಿಷ ಮಾಡುತ್ತಿದ್ದೆ, ಅವರಿಗೆ ನಿದ್ದೆ ಬರುವ ಹೊತ್ತು. ಈಗ ತೋಟದ ಸುದ್ದಿ, ದನದ ಸುದ್ದಿ ಎಲ್ಲ ಬರುತ್ತದೆ.

ನಿನ್ನೆ ಫೋನಲ್ಲಿರುವಾಗಲೇ ಯಾರೋ ಬಂದರು. ಸ್ಪ್ರಿಂಕ್ಲರ್ ಪೈಪಿನೊಳಗಿನ ಪಾಚಿ ತೆಗೆಯುವ ಪುಡಿಯಂತೆ. ಅಪ್ಪಯ್ಯ ನನ್ನನ್ನು ಲೈನಲ್ಲೇ ಇಟ್ಟು, ಅಮ್ಮನಿಗೆ ಮಜ್ಜಿಗೆ ತರಲು ಹೇಳಿ, ಅವನ ಊರು ಕೇರಿ ಎಲ್ಲ ವಿಚಾರಿಸಿದರು. ಆಮೇಲೆ ನಿಧಾನವಾಗಿ, "ಸೊಸೈಟಿಗೆ ಕೊಟ್ಟಿರಪ್ಪ, ಅಲ್ಲೇ ತಗೊಳ್ತೀನಿ" ಅಂದರು. ಆ ಹುಡುಗ ಏನೋ ಹೇಳಿದ, ನನಗೆ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಬೈಕ್ ಸ್ಟಾರ್ಟ್ ಆಗಿದ್ದು ಕೇಳಿಸಿತು.

"ಹೋದ" ಅಂದರು ಅಪ್ಪಯ್ಯ. "ಬಿಸಿಲಲ್ಲಿ ಬಂದಿದ್ದ ಪಾಪ. ಮಜ್ಜಿಗೆ ಪೂರ್ತಿ ಕುಡಿದುಕೊಂಡೇ ಹೋದ. ಸರಿ, ನೀನು ಏನೋ ಹೇಳ್ತಿದ್ದೆಯಲ್ಲ, ಹೇಳು."